ಅರ್ಥವಿಲ್ಲದ ಪದ್ಯ, ಅಳತೆ ತಪ್ಪದ ಗಿಳಿ

ಮಕ್ಕಳೇ, ಮೊದಲು ಇದನ್ನು ಗಟ್ಟಿಯಾಗಿ ಓದಿ.

ಸೀಗೆಹಳ್ಳಿಯ ತಾತ ನಿಂಗ
ಕೊಡೆ ಬಿಚ್ಚಿದರೆ ಒಳಗೆ ಮಂಗ!
ಮಂಗಕ್ಕೆ ನೆಗಡಿ,
ತಾತನಿಗೆ ಗಡಿಬಿಡಿ,
ಸೀನಿದ್ದು ಗೋಡೆಯ ಪತಂಗ!

ಇದರ ಅರ್ಥವೇನು ಎಂದು ಕೇಳಬೇಡಿ. ಬರೆದ ನನಗೇ ಗೊತ್ತಿಲ್ಲ. ಆದರೆ ಸಾಲುಗಳ ಕೊನೆಯನ್ನು ಗಮನಿಸಿ. ಒಂದು, ಎರಡು ಮತ್ತು ಐದನೆಯ ಸಾಲುಗಳಿಗೆ ಒಂದು ಪ್ರಾಸ. ನಡುವಿನ ಗಿಡ್ಡ ಸಾಲುಗಳಿಗೆ ಇನ್ನೊಂದು. ಪ್ರಾಸ ಎಲ್ಲಿಯೂ ಜಾರಿಲ್ಲ. ಜಾರಿದ್ದು ಅರ್ಥ ಮಾತ್ರ. ಇಂತಹ ತಮಾಷೆ ಪದ್ಯವನ್ನು ಇಂಗ್ಲಿಷಿನಲ್ಲಿ ಲಿಮರಿಕ್ ಎನ್ನುತ್ತಾರೆ. ಇದನ್ನು ಎಲ್ಲರ ಬಾಯಿಗೆ ತಂದವನು ಎಡ್ವರ್ಡ್ ಲಿಯರ್. 1846ರಲ್ಲಿ ಅಚ್ಚಾದ ಆತನ ಪುಸ್ತಕವನ್ನು ಇಂದಿಗೂ ಜನ ಓದಿ ನಗುತ್ತಾರೆ.

ವಿಜ್ಞಾನದ ಪುಟದಲ್ಲಿ ಪದ್ಯದ ಮಾತೇಕೆ ಎನ್ನುವಿರಾ? ಲಿಯರ್ ಮೊದಲು ಹೆಸರು ಮಾಡಿದ್ದು ಪದ್ಯಗಳಿಂದಲ್ಲ, ಗಿಳಿಗಳಿಂದ! 1812ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆತನನ್ನು ಸಾಕಿದ್ದು ಅಕ್ಕ ಆನ್. ಹದಿನೆಂಟನೆಯ ವಯಸ್ಸಿಗೆ ಆತ ಲಂಡನ್ನಿನ ಮೃಗಾಲಯದಲ್ಲಿ ಗಿಳಿಗಳ ಚಿತ್ರ ಬರೆಯತೊಡಗಿದ. ಆಗ ಕ್ಯಾಮೆರಾ ಬಳಕೆಗೆ ಬಂದಿರಲಿಲ್ಲ. ಅನೇಕ ಚಿತ್ರಕಾರರು ಸತ್ತ ಹಕ್ಕಿಯ ಒಣಗಿದ ಚರ್ಮವನ್ನು ನೋಡಿ ಬರೆಯುತ್ತಿದ್ದರು. ಲಿಯರ್ ಬದುಕಿರುವ ಗಿಳಿಯನ್ನೇ ನೋಡಿ, ಅಳತೆ ತೆಗೆದು, ಗರಿಗರಿಯನ್ನೂ ಬಿಡಿಸಿದ. 1830ರಿಂದ 1832ರವರೆಗೆ ಹೊರಬಂದ ಆ ಚಿತ್ರಗಳು ಒಟ್ಟು 42. ಬ್ರೆಜಿಲ್ ದೇಶದ ಒಂದು ನೀಲಿ ಮಕಾವ್ ಗಿಳಿಗೆ 1856ರಲ್ಲಿ ಲಿಯರನ ಹೆಸರನ್ನೇ ಇಟ್ಟರು.

ಲಿವರ್‌ಪೂಲ್ ಬಳಿ ಡರ್ಬಿಯ ಅರ್ಲ್ ಎಂಬ ಸಿರಿವಂತನ ಸ್ವಂತ ಮೃಗಾಲಯವಿತ್ತು. ಅಲ್ಲಿಯೂ ಲಿಯರ್ ಪ್ರಾಣಿಗಳ ಚಿತ್ರ ಬರೆದ. ಆ ಮನೆಯ ಮಕ್ಕಳನ್ನು ನಗಿಸಲು ಪದ್ಯ ಕಟ್ಟಿದ. ಗಿಳಿಯ ಕೊಕ್ಕನ್ನು ಕೂದಲೆಳೆಯಷ್ಟೂ ತಪ್ಪದೆ ಬರೆಯಬಲ್ಲ ಕೈಯೇ ಮನುಷ್ಯನ ಮೂಗನ್ನು ಬೇಕೆಂದೇ ಗಜಗಟ್ಟಲೆ ಎಳೆಯಿತು! ಸರಿ ಯಾವುದೆಂದು ಚೆನ್ನಾಗಿ ತಿಳಿದವನೇ ಹೀಗೆ ಸೊಗಸಾಗಿ ತಪ್ಪಬಲ್ಲ ಎಂದು ನನಗೆ ಅನ್ನಿಸುತ್ತದೆ.

ಆತ 1873ರಿಂದ 1875ರವರೆಗೆ ಭಾರತದಲ್ಲಿ ಸುತ್ತಾಡಿದ. 1874ರಲ್ಲಿ ಮುಂಬಯಿಯ ಪತ್ರಿಕೆಯೊಂದರಲ್ಲಿ ಆತನ ಒಂದು ಪದ್ಯ ಬಂತು. ಅದರಲ್ಲಿ ನಮ್ಮ ದೇಶದ ಮಾತುಗಳೆಲ್ಲ ಅದಲುಬದಲು. ಕಮರ್‌ಬಂದ್ ಎಂದರೆ ಸೊಂಟಕ್ಕೆ ಸುತ್ತುವ ಪಟ್ಟಿ ತಾನೆ? ಅಲ್ಲಿ ಅದು ಮನುಷ್ಯರನ್ನು ನುಂಗುವ ಭಯಂಕರ ಪ್ರಾಣಿ! ಇದನ್ನು ಓದಿ ಇಂಗ್ಲೆಂಡಿನವರು ಹೆದರಬಹುದು. ನಾವು ನಗುತ್ತೇವೆ.

ಈಗ ನನ್ನ ಕಥೆ ಕೇಳಿ. ನಾಲ್ಕನೆಯ ತರಗತಿಯಲ್ಲಿ ನಾನು ಒಮ್ಮೆ ಪಾಠದ ನಡುವೆಯೇ ಬಿದ್ದೆ. ಕೈಕಾಲು ಅದುರಿದವಂತೆ. ಯಾರೋ ಕೈಗೆ ಬೀಗದ ಕೈ ಗೊಂಚಲು ತುರುಕಿದರಂತೆ. ಮರುದಿನದಿಂದ ನನ್ನ ಪಕ್ಕ ಯಾರೂ ಕೂರಲಿಲ್ಲ. "ಯಾರಿಗೂ ಹೇಳಬೇಡ ಕಂದ" ಎಂದಳು ಅವ್ವ. ಹೇಳಲಿಲ್ಲ.

ಪಿ.ಯು.ಸಿ. ಓದುವಾಗ ಗ್ರಂಥಾಲಯದಲ್ಲಿ ಲಿಯರನ ಪುಸ್ತಕ ಸಿಕ್ಕಿತು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಚಿತ್ರ ನೋಡಿಯೇ ನಕ್ಕೆ. ಬರಬರುತ್ತಾ ಒಂದು ಸಂಗತಿ ಹೊಳೆಯಿತು. ಪದ್ಯದೊಳಗೆ ಒಬ್ಬ ವಿಚಿತ್ರ ಮನುಷ್ಯ ಇರುತ್ತಾನೆ. ಎಷ್ಟೋ ಕಡೆ ಅವನ ಸುತ್ತ 'ಅವರು' ಇರುತ್ತಾರೆ. 'ಅವರು' ದುರುಗುಟ್ಟುತ್ತಾರೆ, ಬೈಯುತ್ತಾರೆ, ಕೆಲವೊಮ್ಮೆ ಹೊಡೆಯುತ್ತಾರೆ. ಆದರೆ ಪದ್ಯ ಇರುವುದು ವಿಚಿತ್ರ ಮನುಷ್ಯನ ಮೇಲೆ. 'ಅವರಿಗೆ' ಹೆಸರೂ ಇಲ್ಲ!

ಮುಂದೆ ಲಿಯರನ ಜೀವನಚರಿತ್ರೆ ಓದಿದೆ. ಆತನಿಗೆ ಐದಾರು ವರ್ಷದಿಂದಲೇ ಮೂರ್ಛೆರೋಗವಿತ್ತು. 1888ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಲೋಕದಿಂದ ಮುಚ್ಚಿಟ್ಟಿದ್ದ. ಮೂರ್ಛೆ ಬಂದ ದಿನ ದಿನಚರಿಯಲ್ಲಿ ಒಂದು ಅಡ್ಡಗೀಟಿನ ಗುರುತು ಹಾಕುತ್ತಿದ್ದ, ಅಷ್ಟೆ. ಅಂದು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ನಮ್ಮ ಮಿದುಳಿನ ಕೋಶಗಳು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಮಾತನಾಡಿಕೊಳ್ಳುತ್ತವೆ. ಬಹಳಷ್ಟು ಕೋಶಗಳು ಒಮ್ಮೆಗೇ ಕೂಗಾಡಿದರೆ ಮೂರ್ಛೆ ಬರುತ್ತದೆ. ಅದು ಅಂಟುರೋಗವಲ್ಲ. ಬೀಗದ ಕೈಯಿಂದ ನಿಲ್ಲುವುದೂ ಇಲ್ಲ. ಬಿದ್ದವರ ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿ, ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ಹಾಕಬೇಡಿ. ದೊಡ್ಡವರನ್ನು ಕೂಗಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ನಾನು ದಿನವೂ ಮಾತ್ರೆ ನುಂಗುತ್ತೇನೆ. ಮೂರ್ಛೆ ಬಂದು ಹನ್ನೊಂದು ವರ್ಷವಾಯಿತು.

ಈಗ ನೀವೂ ಐದು ಸಾಲು ಬರೆಯಿರಿ. ಪ್ರಾಸ ತಪ್ಪಬಾರದು, ಅರ್ಥ ತಪ್ಪಿದರೆ ಚಿಂತೆಯಿಲ್ಲ. ನಿಂಗ ತಾತನ ಕೊಡೆಯೊಳಗೆ ಮಂಗ ಹೇಗೆ ಹೊಕ್ಕಿತು ಎಂಬುದು ನನಗಿನ್ನೂ ತಿಳಿಯಬೇಕಾಗಿದೆ.