ವಾಕ್ಯದ ಕರ್ತೃ ಯಾರು?

ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಆದರೂ ಇಂಟರ್ನ್‌ಶಿಪ್‌ನಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇತಿಹಾಸದ ಪಾಠ. ಸಮಾಜ ವಿಜ್ಞಾನದ ಶಿಕ್ಷಕರು ತರಬೇತಿಗೋ ಚುನಾವಣಾ ಕೆಲಸಕ್ಕೋ ಹೋದರೆ ಅವರ ಅವಧಿಗಳು ಪ್ರಶಿಕ್ಷಣಾರ್ಥಿಗಳ ಪಾಲಿಗೆ ಬರುವುದು ನಮಗೆಲ್ಲ ಗೊತ್ತೇ ಇದೆ. ಹಾಗೆ ಮೊದಲ ಹಂತದಲ್ಲಿ ತರೀಕೆರೆಯ ಒಂದು ಶಾಲೆಯಲ್ಲಿ ಹತ್ತನೇ ತರಗತಿಯ ಎರಡು ಅವಧಿಗಳು, ಎರಡನೇ ಹಂತದಲ್ಲಿ ಅಜ್ಜಂಪುರದ ಒಂದು ಶಾಲೆಯಲ್ಲಿ ಮೂರು ಅವಧಿಗಳು ನನಗೆ ಸಿಕ್ಕವು. ಎರಡೂ ಕಡೆ ಪಾಠ ಒಂದೇ: ಭಾರತಕ್ಕೆ ಯುರೋಪಿಯನ್ನರ ಆಗಮನ.

ಈ ಪಾಠದ ಬಾಗಿಲಲ್ಲೇ 1453 ನಿಂತಿದೆ. ಆಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು, ಹಳೆಯ ವ್ಯಾಪಾರ ಮಾರ್ಗ ಕಷ್ಟವಾಯಿತು, ಯುರೋಪಿನವರು ಸಮುದ್ರಮಾರ್ಗ ಹುಡುಕಿದರು, 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಬಂದಿಳಿದ. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ತರೀಕೆರೆಯ ತರಗತಿಯಲ್ಲಿ ಮೊದಲ ವಾಕ್ಯ ಹೇಳಿದ ಕೂಡಲೇ ಹಿಂದಿನ ಬೆಂಚಿನಿಂದ ಒಂದು ಪಿಸುಮಾತು ಬಂತು. 'ಟರ್ಕರು' ಎಂಬ ಪದಕ್ಕೆ ನಮ್ಮ ಕಡೆ ಆಡುಮಾತಿನಲ್ಲಿ ಇನ್ನೊಂದು ರೂಪವಿದೆ, ಅದನ್ನು ಬೈಗುಳದಂತೆ ಬಳಸುವವರೂ ಇದ್ದಾರೆ. ಮೂರನೇ ಸಾಲಿನಲ್ಲಿದ್ದ ಹುಡುಗನ ಕಡೆ ನಾಲ್ಕೈದು ತಲೆಗಳು ತಿರುಗಿದವು. ಅವನು ಎದ್ದು ನಿಂತು ಕೇಳಿದ: "ಮೇಡಂ, ಟರ್ಕರು ಅಂದ್ರೆ ನಾವೇನಾ?"

ವಿಜ್ಞಾನದ ತರಗತಿಯಲ್ಲಿ ಇಂಥ ಪ್ರಶ್ನೆ ಬರುವುದಿಲ್ಲ. ಆಮ್ಲವೋ ಪ್ರತ್ಯಾಮ್ಲವೋ ಯಾರ ಮನೆಯ ಹೆಸರೂ ಅಲ್ಲ. ನಾನು ನಕಾಶೆಯ ಬಳಿಗೆ ಹೋದೆ. ಆಟೋಮನ್ ಎಂಬುದು ಉಸ್ಮಾನ್ ಎಂಬವನ ವಂಶದ ಹೆಸರು, ಅದು ಒಂದು ರಾಜಮನೆತನ ಎಂದೆ. ತರೀಕೆರೆಗೂ ಆ ಊರಿಗೂ ನಡುವೆ ಎಷ್ಟು ದೇಶಗಳಿವೆ ಎಂದು ಎಣಿಸಲು ಹೇಳಿದೆ. ಹುಡುಗ ಕುಳಿತುಕೊಂಡ. ಆದರೆ ತಲೆ ತಿರುಗಿಸಿದವರಿಗೆ ಈ ಉತ್ತರ ಸಾಲದು ಎಂದು ನನಗೆ ಅನ್ನಿಸಿತು.

ಎರಡನೇ ಅವಧಿಗೆ ಕನ್ನಡ ವ್ಯಾಕರಣದ ಸಹಾಯ ಪಡೆದೆ. ಕರ್ತೃಪದ, ಕರ್ಮಪದ, ಕ್ರಿಯಾಪದ ಮಕ್ಕಳಿಗೆ ಚೆನ್ನಾಗಿ ಗೊತ್ತು. ಕಪ್ಪು ಹಲಗೆಯ ಮೇಲೆ "ಮುಸ್ಲಿಮರು ಕ್ರೈಸ್ತರ ನಗರವನ್ನು ಗೆದ್ದರು" ಎಂದು ಬರೆದು ಕರ್ತೃಪದ ಯಾವುದು ಎಂದು ಕೇಳಿದೆ. "ಮುಸ್ಲಿಮರು" ಎಂದರು. "ಎಲ್ಲರೂ ಹೋಗಿದ್ರಾ?" ಎಂದೆ. "ಇಲ್ಲ ಮೇಡಂ, ನಮ್ಮ ಬೀದಿಯೋರು ಹೋಗಿರ್ಲಿಲ್ಲ" ಎಂದಳು ಒಬ್ಬ ಹುಡುಗಿ. ಎಲ್ಲರೂ ನಕ್ಕರು, ಮೂರನೇ ಸಾಲಿನ ಹುಡುಗನೂ ನಕ್ಕ. ಹಾಗಾದರೆ ನಿಜವಾದ ಕರ್ತೃ ಯಾರು ಎಂದು ಹುಡುಕಲು ಹೊರಟೆವು.

ಗೆದ್ದವನು ಸುಲ್ತಾನ ಎರಡನೇ ಮೆಹ್ಮದ್. ಅವನ ಪಡೆಯಲ್ಲಿ ಅವನಿಗೆ ಅಧೀನವಾಗಿದ್ದ ಸರ್ಬಿಯಾದ ಕ್ರೈಸ್ತ ಸೈನಿಕರೂ ಇದ್ದರು. ಕೋಟೆ ಒಡೆಯಲು ದೊಡ್ಡ ಫಿರಂಗಿ ಎರಕ ಹೊಯ್ದುಕೊಟ್ಟ ಅರ್ಬನ್ ಹಂಗೇರಿ ಕಡೆಯ ಕ್ರೈಸ್ತ. ಮೊದಲು ಅವನು ಹೋದದ್ದು ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯ ಬಳಿಗೇ, ಅಲ್ಲಿ ಅವನಿಗೆ ಕೊಡುವಷ್ಟು ಹಣವಿರಲಿಲ್ಲ. ಇತ್ತ ಕೋಟೆಯ ಒಳಗೆ ನಗರದ ಪರವಾಗಿ ಕಾದಾಡಿದವರಲ್ಲಿ ಆಟೋಮನ್ ವಂಶದ ರಾಜಕುಮಾರ ಓರ್ಹಾನ್ ಇದ್ದ. ಮರುವರ್ಷವೇ, 1454ರಲ್ಲಿ, ಕ್ರೈಸ್ತ ವೆನಿಸ್ ವ್ಯಾಪಾರಕ್ಕಾಗಿ ಸುಲ್ತಾನನೊಡನೆ ಒಪ್ಪಂದ ಮಾಡಿಕೊಂಡಿತು. ಹಲಗೆಯ ವಾಕ್ಯವನ್ನು ಮಕ್ಕಳೇ ತಿದ್ದಿದರು: "ಎರಡನೇ ಮೆಹ್ಮದನ ಸೈನ್ಯ ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದಿತು."

ಆದರೆ ಕರ್ತೃವನ್ನು ತಿದ್ದುವುದು ನೋವನ್ನು ಅಳಿಸುವ ಉಪಾಯ ಆಗಬಾರದು. ಆದ್ದರಿಂದ ಹಲಗೆಯ ಮೇಲೆ ನಾಲ್ಕು ಕಂಬಸಾಲು ಎಳೆದೆ: ಇಸವಿ, ಮಾಡಿದವರು, ಮಾಡಿದ್ದು, ನೊಂದವರು. 1453ರ ಎದುರು ನೊಂದವರ ಸಾಲಿನಲ್ಲಿ, ಲೂಟಿಗೆ ಸಿಕ್ಕ ಮತ್ತು ಗುಲಾಮರಾಗಿ ಮಾರಾಟವಾದ ನಗರದ ಜನ ಎಂದು ಬರೆದೆವು. 1099ರ ಎದುರು, ಶಿಲುಬೆಯ ಯುದ್ಧಕ್ಕೆ ಬಂದ ಯುರೋಪಿನ ಸೈನ್ಯ ಜೆರುಸಲೇಮಿನಲ್ಲಿ ಕೊಂದ ಮುಸ್ಲಿಮರು ಮತ್ತು ಯಹೂದಿಗಳು. 1187ರಲ್ಲಿ ಸಲಾದಿನ್ ಅದೇ ಊರನ್ನು ಮರಳಿ ಗೆದ್ದಾಗ ಅಂಥ ಹತ್ಯೆ ನಡೆಯಲಿಲ್ಲ. ಆದರೆ ಬಿಡುಗಡೆಯ ಹಣ ಕೊಡಲಾಗದ ಬಡವರು ಗುಲಾಮರಾದರು. 1204ರ ಸಾಲು ಮಕ್ಕಳನ್ನು ಬೆರಗುಗೊಳಿಸಿತು. ಆ ವರ್ಷ ಕಾನ್‌ಸ್ಟಾಂಟಿನೋಪಲನ್ನು ಲೂಟಿ ಮಾಡಿದ್ದು ವೆನಿಸ್ಸಿನ ಹಡಗುಗಳಲ್ಲಿ ಬಂದ ಶಿಲುಬೆ ಯೋಧರು. ಮಾಡಿದವರೂ ಕ್ರೈಸ್ತರು, ನೊಂದವರೂ ಕ್ರೈಸ್ತರು.

ಇಸವಿಗಳು ಗಾಳಿಯಲ್ಲಿ ತೇಲದಿರಲೆಂದು ತರೀಕೆರೆಯ ಪಕ್ಕದ ಅಮೃತಾಪುರವನ್ನು ಗೂಟವಾಗಿ ನೆಟ್ಟೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ ಅಮೃತೇಶ್ವರ ಗುಡಿ ಕಟ್ಟಿಸಿದ್ದು 1196ರಲ್ಲಿ. ಜೆರುಸಲೇಮ್ ಸಲಾದಿನ್‌ನ ಕೈಸೇರಿ ಆಗ ಒಂಬತ್ತು ವರ್ಷ, ಕಾನ್‌ಸ್ಟಾಂಟಿನೋಪಲ್ ಲೂಟಿಯಾಗಲು ಇನ್ನೂ ಎಂಟು ವರ್ಷ. ಆ ಗುಡಿ ನೋಡದ ಮಕ್ಕಳು ತರಗತಿಯಲ್ಲಿ ಇರಲಿಲ್ಲ. ಅಲ್ಲಿಂದ ಮುಂದೆ ಇಸವಿ ಹೇಳಿದರೆ ಅವರೇ "ಗುಡಿಗಿಂತ ಮೊದಲು", "ಗುಡಿ ಆದಮೇಲೆ" ಎನ್ನತೊಡಗಿದರು.

ಅಜ್ಜಂಪುರದಲ್ಲಿ ಪಾಠ ಬೇಗ ನಮ್ಮ ಮಣ್ಣಿಗೆ ಇಳಿಯಿತು. ಪೋರ್ಚುಗೀಸರ ಭಾಗದಲ್ಲಿ ಅಲ್ಬುಕರ್ಕ್ ಬರುತ್ತಾನೆ. 1510ರ ನವೆಂಬರ್ 25ರಂದು ಬಿಜಾಪುರದ ಆದಿಲ್‌ಶಾಹಿಯಿಂದ ಅವನು ಗೋವಾ ಕಿತ್ತುಕೊಂಡ. ಊರಿನ ಮುಸ್ಲಿಮರನ್ನು ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದ. ಸತ್ತವರು ಸುಮಾರು 6,000 ಎಂದು ತನ್ನ ದೊರೆಗೆ ಬರೆದವನೂ ಅವನೇ. ಅವನಿಗೆ ನೆರವಾದವನು ಹೊನ್ನಾವರದ ತಿಮ್ಮೋಜ. 1560ರಲ್ಲಿ ಅದೇ ಗೋವಾದಲ್ಲಿ ಧರ್ಮವಿಚಾರಣಾ ನ್ಯಾಯಾಲಯ ಶುರುವಾಯಿತು. ಕ್ರೈಸ್ತರಾದ ಮೇಲೂ ಮನೆಯಲ್ಲಿ ಹಳೆಯ ಆಚರಣೆ ಉಳಿಸಿಕೊಂಡವರೂ ಅದರ ಕೈಗೆ ಸಿಕ್ಕರು. ಅದರ ಭಯ, ಬರ, ಯುದ್ಧ ಎಲ್ಲ ಸೇರಿ ಕೊಂಕಣಿ ಮಾತಿನ ಹಿಂದೂಗಳೂ ಕ್ರೈಸ್ತರೂ ಕರಾವಳಿ ಹಿಡಿದು ದಕ್ಷಿಣಕ್ಕೆ ಬಂದರು.

ಅಮೃತಮಹಲ್ ದನಗಳ ಊರಲ್ಲಿ ಟಿಪ್ಪುವಿನ ಹೆಸರು ಬರದೆ ಇರುವುದಿಲ್ಲ. ಆ ಹೆಸರು ಕೊಟ್ಟವನೇ ಅವನು. ಅದಕ್ಕೆ ಮೊದಲು ಅದು ಬೆಣ್ಣೆ ಚಾವಡಿ. "ಮೇಡಂ, ಟಿಪ್ಪು ಒಳ್ಳೆಯವನಾ ಕೆಟ್ಟವನಾ?" ಎಂದು ಒಬ್ಬ ಕೇಳಿದ. ಮೊಬೈಲಿನಲ್ಲಿ ಎರಡೂ ಉತ್ತರ ಅವನು ನೋಡಿದ್ದ. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು: "ನಮ್ಮಜ್ಜಿ ಮಂಗಳೂರು ಕಡೆಯೋರು ಮೇಡಂ. ನಮ್ಮ ಹಿರಿಯರನ್ನ ಪಟ್ಟಣಕ್ಕೆ ಎಳ್ಕೊಂಡು ಹೋಗಿದ್ರಂತೆ."

ಅವಧಿ ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕರು ನನ್ನನ್ನು ಕರೆದು, "ಇದನ್ನ ಇಲ್ಲಿಗೇ ಬಿಟ್ಟುಬಿಡಮ್ಮ. ನಾಳೆ ಪೋಷಕರು ಬಂದ್ರೆ ನೀನು ಇಲ್ಲಿರಲ್ಲ, ನಾನಿರ್ತೀನಿ" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಅಜ್ಜಿಯ ಮಾತು ಹೇಳಿದ ಹುಡುಗಿಗೆ ತರಗತಿ ಮೌನದ ಉತ್ತರ ಕೊಟ್ಟಂತಾಗುತ್ತದೆ ಎಂದು ವಿನಂತಿಸಿದೆ. ದಾಖಲೆ ಇರುವುದನ್ನು ಮಾತ್ರ ಹಲಗೆಗೆ ಹಾಕುತ್ತೇನೆ, ನನ್ನ ತೀರ್ಪು ಹೇಳುವುದಿಲ್ಲ ಎಂದು ಪಾಠ ಯೋಜನೆ ತೋರಿಸಿದೆ. ಅವರು ಓದಿ, ತಾವೇ ಹಿಂದಿನ ಬೆಂಚಿನಲ್ಲಿ ಬಂದು ಕುಳಿತರು.

ಅದೇ ನಾಲ್ಕು ಕಂಬಸಾಲು. 1784: ಟಿಪ್ಪು ಸುಲ್ತಾನನ ಆಡಳಿತ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿತು. ಚರ್ಚುಗಳನ್ನು ಕೆಡವಿತು. ಸೆರೆಯಾದವರ ಲೆಕ್ಕ ಮೂಲದಿಂದ ಮೂಲಕ್ಕೆ 30,000ದಿಂದ 80,000ದವರೆಗೆ ಇದೆ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು, ಅನೇಕರನ್ನು ಬಲವಂತದಿಂದ ಮತಾಂತರಿಸಲಾಯಿತು. ಉಳಿದವರು ಊರಿಗೆ ಮರಳಿದ್ದು 1799ರ ನಂತರ. ಮುಂದಿನ ಸಾಲು 1791: ಮರಾಠಾ ಸೈನ್ಯದ ಜೊತೆಗಿದ್ದ ಸವಾರರು ನಮ್ಮ ಜಿಲ್ಲೆಯದೇ ಆದ ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಶಾರದೆಯ ಪುನಃಪ್ರತಿಷ್ಠೆಗೆ ಹಣ ಮತ್ತು ಸಾಮಗ್ರಿ ಕೊಡಿಸಿದವನು ಟಿಪ್ಪು. ಸ್ವಾಮಿಗಳಿಗೆ ಅವನು ಬರೆಸಿದ ಕನ್ನಡದ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರಿಂದ ಬೆಳಕಿಗೆ ಬಂದವು.

ಒಂದು ಸಾಲು ಇನ್ನೊಂದನ್ನು ಅಳಿಸುವುದಿಲ್ಲ ಎಂದು ಮಾತ್ರ ಹೇಳಿದೆ. ಗಣಿತದಲ್ಲಿ ಕೂಡುವುದನ್ನೂ ಕಳೆಯುವುದನ್ನೂ ಮಾಡಿ ಸೊನ್ನೆ ತರಬಹುದು. ಶೃಂಗೇರಿಯ ಲೆಕ್ಕವನ್ನು ಮಂಗಳೂರಿನ ಲೆಕ್ಕದಿಂದ ಕಳೆಯಲು ಆಗುವುದಿಲ್ಲ, ಏಕೆಂದರೆ ನೊಂದವರು ಬೇರೆ ಬೇರೆ. ಕಿಟಕಿ ಪಕ್ಕದ ಹುಡುಗಿ ಎರಡೂ ಸಾಲುಗಳನ್ನು ಬರೆದುಕೊಂಡಳು. ಪ್ರಶ್ನೆ ಕೇಳಿದ ಹುಡುಗ, "ಹಂಗಾದ್ರೆ ಉತ್ತರ ಏನ್ ಬರೀಲಿ?" ಎಂದ. ಮಾಡಿದ್ದನ್ನು ಬರಿ, ಯಾರಿಗೆ ಮಾಡಿದ ಎಂಬುದನ್ನು ಬರಿ ಎಂದೆ. ಅವನಿಗೆ ಪೂರ್ತಿ ತೃಪ್ತಿಯಾಗಲಿಲ್ಲ.

ಇದೇ ಪಾಠ ಸಿಗುವ ಮುಂದಿನ ತಂಡದ ಗೆಳೆಯರಿಗೆ ಎರಡು ಮಾತು. ಕರ್ತೃಪದದ ಜಾಗದಲ್ಲಿ ಧರ್ಮದ ಹೆಸರು ಬಂದರೆ ಅಲ್ಲಿ ನಿಂತು, ದೊರೆಯ, ಸೈನ್ಯದ, ಕಚೇರಿಯ ಹೆಸರು ಹುಡುಕಿ. ನೊಂದವರ ಸಾಲಿನಲ್ಲಿ ಮಾತ್ರ ಅವರ ಧರ್ಮವನ್ನು ಬಿಡಬೇಡಿ, ಎಷ್ಟೋ ಸಲ ಅವರು ನೊಂದದ್ದೇ ಅದರಿಂದ. ಇದಕ್ಕೆ ಎರಡು ಅವಧಿ ಹೆಚ್ಚು ಬೇಕು, ಘಟಕ ಯೋಜನೆಯಲ್ಲಿ ಮೊದಲೇ ಬರೆದುಕೊಳ್ಳಿ. ಅಜ್ಜಂಪುರದ ಆ ಚಾರ್ಟ್ ಈಗ ಶಾಲೆಯ ಗೋಡೆಯ ಮೇಲಿದೆ. ಕೆಳಗೆ ಐದು ಸಾಲು ಖಾಲಿ ಬಿಟ್ಟಿದ್ದೇವೆ.