72 ಪರ್ಸೆಂಟಿಗೆ ಕರೆಂಟ್ ಹೋಯಿತು!

ಕಂಪ್ಯೂಟರ್ ಅಪ್‌ಡೇಟ್ ನಡೆದಿತ್ತು, ಪರದೆಯ ಮೇಲೆ 72 ಪರ್ಸೆಂಟ್. ಕೆಳಗೆ, ‘ಕಂಪ್ಯೂಟರ್ ಆಫ್ ಮಾಡಬೇಡಿ’ ಎಂಬ ಅಪ್ಪಣೆ. ಅದೇ ಗಳಿಗೆಗೆ ನಮ್ಮೂರು ಗುರುಗುಂಟಾ ಇಡೀ ಗವ್ವೆಂದಿತು!

ಯುಪಿಎಸ್ ಕೀಂ ಕೀಂ ಎಂದು ಬಾಯಿ ಬಡಿದುಕೊಳ್ಳತೊಡಗಿತು. ಅದರ ಆಯಸ್ಸು ಹೆಚ್ಚೆಂದರೆ ಹತ್ತು ನಿಮಿಷ. ಅಮರೇಶ್ವರ ಜಾತ್ರೆ ಹತ್ತಿರ ಬಂದಿತ್ತು. ತತ್ವಪದ ರೆಕಾರ್ಡ್ ಮಾಡಿಸಲು ಭಜನಾ ಮಂಡಳಿಯವರು ಹಾರ್ಮೋನಿಯಂ, ತಬಲಾ, ದಮ್ಮಡಿ ಹೊತ್ತು ತಂದು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ತಬಲಾದವನಿಗೆ ಬೆಳಗ್ಗೆ ಹಟ್ಟಿ ಚಿನ್ನದ ಗಣಿಯಲ್ಲಿ ಮೊದಲ ಪಾಳಿ.

“ತಮ್ಮಾ, ಸತ್ತೈತೇನದು?” ಹಾರ್ಮೋನಿಯಂ ಮುತ್ಯಾ ಕೇಳಿದರು.

“ಇಲ್ರೀ ಮುತ್ಯಾ, ಇನ್ನಾ ಜೀವ ಐತಿ!”

ಮಾನಿಟರ್ ವೈರ್ ಕಿತ್ತೆ. ಸ್ಪೀಕರ್ ಕಿತ್ತೆ. ಲೋಡ್ ಇಳಿದಷ್ಟೂ ಬ್ಯಾಟರಿ ಬಾಳುತ್ತದೆ. ಅಪ್‌ಡೇಟ್ ನಡುವೆ ಕರೆಂಟ್ ತಪ್ಪಿದರೆ ಸಿಸ್ಟಂ ಫೈಲುಗಳು ಅರ್ಧ ಹಳೆಯವು, ಅರ್ಧ ಹೊಸವು ಆಗಿ ಯಂತ್ರ ಮತ್ತೆ ಏಳದೇ ಹೋಗಬಹುದು. ಮಿಣುಕುವ ಹಾರ್ಡ್‌ಡಿಸ್ಕ್ ದೀಪವನ್ನೇ ಎಲ್ಲರೂ ದಿಟ್ಟಿಸಿದೆವು. ಯುಪಿಎಸ್ ಕೂಗು ಬಿಡುವಿಲ್ಲದೆ ಒಂದೇ ಸಮನಾಯಿತು. ಮುಗಿಯಿತು ಎನ್ನುವಷ್ಟರಲ್ಲಿ ಕರೆಂಟ್ ಬಂತು!

ಯಂತ್ರ ಎದ್ದಿತು. ಕಿವಿ ಮಾತ್ರ ಹೋಗಿತ್ತು. ಮೈಕ್ ಸೇರುವ ಆಡಿಯೊ ಇಂಟರ್‌ಫೇಸಿನ ಹಳೆಯ ಡ್ರೈವರ್ ಹೊಸ ಸಿಸ್ಟಂಗೆ ಒಗ್ಗಲಿಲ್ಲ. ಕಿತ್ತು ಮತ್ತೆ ಹಾಕಿದೆ: ಊಹೂಂ. ಸಿಸ್ಟಮ್ಮಿನದೇ ಸಾಮಾನ್ಯ ಡ್ರೈವರ್ ಹಾಕಿದರೆ ದನಿ ಬಂತು, ಆದರೆ ದನಿಯನ್ನು ತುಸು ತಡೆದಿಡುವ ಬಫರ್ 1024 ಸ್ಯಾಂಪಲ್‌ಗಿಂತ ಇಳಿಸಿದೊಡನೆ ಪಟಪಟ ಸದ್ದು. 1024 ಎಂದರೆ ಅದೊಂದರಿಂದಲೇ 23 ಮಿಲಿಸೆಕೆಂಡ್ ತಡ. ಹೆಡ್‌ಫೋನ್ ಹಾಕಿಕೊಂಡ ಮುತ್ಯಾ ತಮ್ಮ ದನಿಯ ಬೆನ್ನು ಹತ್ತಿ ತಾವೇ ಓಡಿದರು, ತಾಳ ತಪ್ಪಿತು.

ಉಳಿದದ್ದು ಒಂದೇ ದಾರಿ. ಅಲಮಾರಿಯಲ್ಲಿ ಬಟ್ಟೆ ಸುತ್ತಿಟ್ಟಿದ್ದ ಇನ್ನೊಂದು ಹಾರ್ಡ್‌ಡಿಸ್ಕ್, ಎಲ್ಲ ಸರಿಯಿದ್ದಾಗಿನ ಸಿಸ್ಟಮ್ಮಿನ ಪಡಿಯಚ್ಚು. ಸ್ಕ್ರೂಡ್ರೈವರ್ ಎಲ್ಲಿ? ಟಾರ್ಚ್ ಹಿಡಿ! ಕೇಬಲ್ ಕಿತ್ತೆ, ಡಿಸ್ಕ್ ಬದಲಿಸಿದೆ, ಇಂಟರ್ನೆಟ್ ವೈರನ್ನು ಮಾತ್ರ ಬೇಕೆಂದೇ ಚುಚ್ಚಲಿಲ್ಲ. ನೆಟ್ ಸಿಕ್ಕರೆ ಇದೂ ಅಪ್‌ಡೇಟಿಗೆ ಹೊರಡುತ್ತದೆ. ಬಟನ್ ಒತ್ತಿದೆ. ಕಪ್ಪು ಪರದೆ. ಕಪ್ಪು. ಕಪ್ಪು. ಬಂತು! ಬಫರ್ 128, ತಡ ಬರೀ ಮೂರು ಮಿಲಿಸೆಕೆಂಡ್.

“ಹಚ್ರೀ ಮುತ್ಯಾ!”

ಕೋಳಿ ಕೂಗುವಷ್ಟರಲ್ಲಿ ಪದ ಮುಗಿದವು. ತಬಲಾದವ ಪಾಳಿಗೆ ಓಡಿದ.

ದೊಡ್ಡ ಊರುಗಳವರೂ ಇಂಥ ಸಾಫ್ಟ್‌ವೇರ್ ಕಾಟದಿಂದ ಪಾರಾದವರಲ್ಲ. 2017ರ ನವೆಂಬರಿನಲ್ಲಿ ಗಿಬ್ಸನ್ ಕಂಪನಿ ಕೇಕ್‌ವಾಕ್ ರೆಕಾರ್ಡಿಂಗ್ ಸಾಫ್ಟ್‌ವೇರ್ ನಿಲ್ಲಿಸಿದಾಗ ಅದನ್ನೇ ನಂಬಿದ್ದವರು ನಡುನೀರಿನಲ್ಲಿ ನಿಂತರು. ಮರುವರ್ಷ ಬ್ಯಾಂಡ್‌ಲ್ಯಾಬ್ ಕೊಂಡದ್ದರಿಂದ ಅದು ಉಳಿಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ; ಎಷ್ಟೋ ಹಳೆಯ ಕಂಪ್ಯೂಟರುಗಳಲ್ಲಿ ಅದಿಲ್ಲ. ಅದಕ್ಕೇ, ಮನೆಯಲ್ಲಿ ರೆಕಾರ್ಡ್ ಮಾಡುವವರೇ, ಹಾಡು ಮುಗಿದ ದಿನವೇ ಒಂದೊಂದು ಟ್ರ್ಯಾಕನ್ನೂ 24 ಬಿಟ್ ವೇವ್ ಫೈಲಾಗಿ ಬೇರೆ ಡಿಸ್ಕಿಗೆ ಇಳಿಸಿಕೊಳ್ಳಿ. ಅಪ್‌ಗ್ರೇಡ್ ಏನಿದ್ದರೂ ಆಮೇಲೆ.