ಸಕ್ಕರೆ ನಾಡಿನಲ್ಲೊಂದು ಉಡ

2019ರ ಮೇ ತಿಂಗಳಲ್ಲಿ ಶಿಷ್ಯರೊಬ್ಬರ ಒತ್ತಾಯದ ಮೇರೆಗೆ ನಾವು ಅಮೆರಿಕೆಯ ಟೆಕ್ಸಾಸ್ ರಾಜ್ಯಕ್ಕೆ ತೆರಳಿ, ಹ್ಯೂಸ್ಟನ್ ಮಹಾನಗರದ ನೈಋತ್ಯಕ್ಕಿರುವ ಶುಗರ್‌ಲ್ಯಾಂಡ್ ಎಂಬ ಊರಿನಲ್ಲಿ ಅವರ ಮಗಳ ಮನೆಯಲ್ಲಿ ಏಳು ವಾರ ತಂಗಿದ್ದೆವು. ಹೆಸರೇ ಸಕ್ಕರೆಯ ನಾಡು. ಹಿಂದೆ ಇಲ್ಲಿ ಕಬ್ಬಿನ ತೋಟಗಳಿದ್ದವು. ಸಕ್ಕರೆಯ ಕಾರ್ಖಾನೆ 2003ರಲ್ಲಿ ಮುಚ್ಚಿತು. ಅದರ ಎತ್ತರದ ಇಟ್ಟಿಗೆಯ ಕಟ್ಟಡ ಮಾತ್ರ ಇನ್ನೂ ನಿಂತಿದೆ. ಮಂಡ್ಯದವರು ಕಂಡರೆ ನಿಟ್ಟುಸಿರು ಬಿಟ್ಟಾರು. ಹೊರಗೆ ನಮ್ಮ ಕರಾವಳಿಯಂತಹ ಅಂಟು ಸೆಕೆ. ಮನೆಯೊಳಗೆ ಯಂತ್ರದ ಚಳಿ. ನಾವು ಹಗಲೆಲ್ಲ ಶಾಲು ಹೊದ್ದೇ ಕೂಡುತ್ತಿದ್ದೆವು.

ಆ ದೇಶದ ಪ್ರೇಕ್ಷಣೀಯ ಸ್ಥಳಗಳನ್ನು ಕುರಿತು ಬಲ್ಲವರು ಬಹಳ ಬರೆದಿದ್ದಾರೆ. ನಮಗೆ ಬರೆಯಬೇಕೆನಿಸಿದ್ದು ಆ ಮನೆಯ ಮಹಡಿಯ ಕೋಣೆಯಲ್ಲಿದ್ದ ಒಂದು ಗಾಜಿನ ಪೆಟ್ಟಿಗೆಯ ವಿಷಯ.

ಅದರೊಳಗೆ ಒಂದೂವರೆ ಅಡಿ ಉದ್ದದ ಉಡವಿತ್ತು. ಹದಿಮೂರು ವರುಷದ ಮೊಮ್ಮಗ ಅಂಗಡಿಯಿಂದ ಕೊಂಡು ತಂದದ್ದು. ಅಲ್ಲಿಯವರು ಅದನ್ನು ಸವಾನಾ ಮಾನಿಟರ್ ಎನ್ನುತ್ತಾರೆ. ಪಶ್ಚಿಮ ಆಫ್ರಿಕೆಯ ಘಾನಾ, ಟೋಗೊ, ಬೆನಿನ್ ದೇಶಗಳಿಂದ ಇಂತಹ ಮರಿಗಳು ವರ್ಷವರ್ಷವೂ ಸಾವಿರಗಟ್ಟಲೆ ಹಡಗು-ವಿಮಾನ ಏರುತ್ತವೆ. ಬಹುಪಾಲು ಮರಿಗಳು ತಮ್ಮ ಪೂರ್ಣಾಯುಷ್ಯವನ್ನು ಕಾಣುವುದಿಲ್ಲ. ಈ ಮರಿಯ ಸೊಂಟದ ಎಲುಬುಗಳು ತೊಗಲಿನಡಿ ಎದ್ದು ಕಾಣುತ್ತಿದ್ದವು. ಕಣ್ಣು ಗುಳಿಬಿದ್ದಿತ್ತು. ಕೊಬ್ಬು ತುಂಬಿರಬೇಕಾದ ಬಾಲದ ಬುಡ ಒಣಗಿದ ಹುಣಸೆಕಾಯಿಯಂತಿತ್ತು. ನಮ್ಮಲ್ಲಿ ಬಿಡದ ಹಟಕ್ಕೆ ಉಡದ ಪಟ್ಟು ಎನ್ನುತ್ತೇವೆ. ಉಡಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಏರಿದರೆಂಬ ಐತಿಹ್ಯದಿಂದಲೇ ಮುಧೋಳದ ಅರಸು ಮನೆತನಕ್ಕೆ ಘೋರ್ಪಡೆ ಎಂಬ ಹೆಸರು ಬಂದಿತೆನ್ನುತ್ತಾರೆ. ನಾವು ಬೆರಳು ಕೊಟ್ಟೆವು. ಹಿಡಿಯುವ ಶಕ್ತಿಯೇ ಆ ಉಗುರುಗಳಲ್ಲಿರಲಿಲ್ಲ.

ಏನು ತಿನ್ನಿಸುತ್ತೀರಿ ಎಂದು ಕೇಳಿದೆವು. ಬೇಯಿಸಿದ ಕ್ಯಾರೆಟ್, ಸೊಪ್ಪು, ಹಣ್ಣು. ಶುದ್ಧ ಶಾಕಾಹಾರದ ಮನೆ. ತಾಯಿ ಅದಕ್ಕಿಂತ ಮುಂದೆ ಹೋಗಿರಲಿಲ್ಲ. 'ಯಾವುದನ್ನು ಕೊಟ್ಟರೂ ತಿನ್ನುತ್ತದೆ' ಎಂದು ಅಂಗಡಿಯವನೂ ಹೇಳಿದ್ದನಂತೆ. ನಾವಾದರೂ ಬುದ್ಧಿವಂತರಾದೆವೆ? ಹಾಲನ್ನದಲ್ಲಿ ಬಾಳೆಹಣ್ಣು ಕಲಸಿ, ಅದರ ಮೂತಿಯ ಮುಂದೆ ಹಿಡಿದು, ಪುಣ್ಯ ಕಟ್ಟಿಕೊಂಡೆವೆಂದು ಸಂತೋಷಪಟ್ಟೆವು. ಅದು ಮುಖ ತಿರುವಿತು.

ಮರುದಿನ ಹಾವು-ಹಲ್ಲಿಗಳಿಗೆ ಚಿಕಿತ್ಸೆ ಮಾಡುವ ಪಶುವೈದ್ಯೆಯಲ್ಲಿಗೆ ಹೋದೆವು. ತೂಕ 172 ಗ್ರಾಂ. ಎಕ್ಸ್-ರೇ ಚಿತ್ರದಲ್ಲಿ ಎಲುಬುಗಳು ಮಸುಕಾಗಿದ್ದವು. ಸುಣ್ಣದ ಅಂಶವೂ ನೇರಳಾತೀತ ಬೆಳಕೂ ಸಾಲದೆ ಹಾಗಾಗುವುದಂತೆ. ಇದು ಕೀಟಾಹಾರಿ, ಹಣ್ಣು-ಸೊಪ್ಪನ್ನು ಜೀರ್ಣಿಸಿಕೊಳ್ಳಲಾರದು ಎಂದು ಆಕೆ ನೇರವಾಗಿಯೇ ಹೇಳಿದರು. ಹಾಗೆಂದು ಈಗಲೇ ಹೊಟ್ಟೆತುಂಬ ತಿನ್ನಿಸಕೂಡದು. ಬಹುಕಾಲ ಹಸಿದ ಒಡಲಿಗೆ ಒಮ್ಮೆಲೆ ಉಣಿಸಿದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಮ್‌ಗಳು ಜೀವಕೋಶಗಳೊಳಕ್ಕೆ ಸರಿದುಹೋಗಿ ಹೃದಯವೇ ನಿಲ್ಲಬಹುದು. ಬರಗಾಲದಲ್ಲಿ ಕಂಗೆಟ್ಟ ಮನುಷ್ಯರಿಗೂ ಇದೇ ನಿಯಮ. ಮಠದಲ್ಲಿ ಬೆಳೆದ ನಮಗೆ ಹಸಿದವನಿಗೆ ಸಾಕೆನ್ನುವವರೆಗೆ ಬಡಿಸುವುದು ಗೊತ್ತು. ಅಳೆದು ಬಡಿಸುವುದು ಗೊತ್ತಿರಲಿಲ್ಲ.

ಮೊದಲು ನೀರು, ಆಮೇಲೆ ಶಾಖ, ಕೊನೆಗೆ ಆಹಾರ. ದಿನವೂ ಉಗುರುಬೆಚ್ಚಗಿನ ನೀರನ್ನು ಬೋಗುಣಿಯಲ್ಲಿ ಅದರ ಗದ್ದ ಮುಳುಗದಷ್ಟು ತುಂಬಿ ಇಪ್ಪತ್ತು ನಿಮಿಷ ಕೂಡಿಸುತ್ತಿದ್ದೆವು. ಮೂರನೆಯ ದಿನ ತಾನೇ ನೀರು ಕುಡಿಯಿತು. ಶಾಖದ ವಿಷಯ ಕೇಳಿ ನಮಗೆ ನಾಚಿಕೆಯಾಯಿತು: ಹೊರಗೆ ಬೆಂಕಿಯಂತಹ ಬಿಸಿಲಿದ್ದರೂ ಈ ಪ್ರಾಣಿ ನಮ್ಮಂತೆಯೇ ಒಳಗೆ ಚಳಿಯಲ್ಲಿತ್ತು, ಅದಕ್ಕೆ ಹೊದೆಯಲು ಶಾಲು ಇರಲಿಲ್ಲ. ಮೈ ಕಾಯದಿದ್ದರೆ ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ದೀಪದ ಕೆಳಗಿನ ಕಲ್ಲು 50 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು, ಅಲ್ಲಿದ್ದದ್ದು 32. ಹುಡುಗನ ತಂದೆ ದನಗಳಿಗೆ ನೀರಿಡುವ ದೊಡ್ಡ ತಗಡಿನ ತೊಟ್ಟಿಯೊಂದನ್ನು ರೈತರ ಅಂಗಡಿಯಿಂದ ತಂದರು. ಅದರಲ್ಲಿ ಎರಡಡಿ ತೇವದ ಮಣ್ಣು ತುಂಬಿ ಮೇಲೆ ದೀಪಗಳನ್ನು ಕಟ್ಟಿದರು. ಉಡ ಬಿಲ ತೋಡುವ ಪ್ರಾಣಿ. ಗಾಜಿನ ಮೇಲೆ ಕೂಡುವುದಲ್ಲ.

ಆಹಾರದ ಪ್ರಶ್ನೆಯೇ ಕಠಿಣವಾಯಿತು. ಚಿಮ್ಮಂಡೆಗಳ ಡಬ್ಬಿ ಮನೆಗೆ ಬಂದ ಸಂಜೆ ಅವುಗಳ ಚಿರ್‌ಗುಟ್ಟುವಿಕೆ ಪೂಜೆಯ ಕೋಣೆಯವರೆಗೂ ಕೇಳುತ್ತಿತ್ತು. ತಾಯಿ ಕಣ್ಣೀರು ತಂದುಕೊಂಡು, "ಅಜ್ಜಾರ, ಒಂದು ಜೀವಾ ಉಳಸಾಕ ದಿನಾ ಹತ್ತು ಜೀವಾ ಕೊಡೋದು ಯಾವ ಲೆಕ್ಕರೀ?" ಎಂದರು. ದಯೆಯನ್ನು ಕುರಿತು ನಲವತ್ತು ವರುಷ ಪ್ರವಚನ ಮಾಡಿದ ನಮಗೆ ಆ ರಾತ್ರಿ ಉತ್ತರ ಹೊಳೆಯಲಿಲ್ಲ. ಬೆಳಿಗ್ಗೆ ಹೇಳಿದೆವು: "ತಾಯಿ, ಅದರ ಊಟವನ್ನು ನೀನು ಗೊತ್ತುಮಾಡಲಿಲ್ಲ, ನಾನೂ ಮಾಡಲಿಲ್ಲ. ತಪ್ಪಾದದ್ದು ಅದನ್ನು ಕೊಂಡು ತಂದ ದಿನ. ತಂದ ಮೇಲೆ ನಮ್ಮ ವ್ರತವನ್ನು ಅದರಿಂದ ಮಾಡಿಸುವ ಅಧಿಕಾರ ನಮಗಿಲ್ಲ." ಆಕೆ ಒಪ್ಪಿದರೋ ಇಲ್ಲವೋ ತಿಳಿಯದು. ಡಬ್ಬಿಯನ್ನು ಕಾರು ನಿಲ್ಲಿಸುವ ಕೋಣೆಗೆ ಸಾಗಿಸಿದರು.

ಮೊದಲ ದಿನ ಸುಣ್ಣದ ಪುಡಿ ಹಚ್ಚಿದ ಎರಡು ಚಿಮ್ಮಂಡೆ, ಒಂದು ದಿನ ಬಿಟ್ಟು ಮೂರು, ಆಮೇಲೆ ಎರೆಹುಳು. ಕಾಡಿನಲ್ಲಿ ಇದರ ಮೆಚ್ಚಿನ ಆಹಾರಗಳಲ್ಲೊಂದು ಬಸವನಹುಳು. ಅದೂ ಅಲ್ಲಿ ಡಬ್ಬಿಯಲ್ಲಿ ಸಿಗುತ್ತದೆ. ಹೆಸರು ಕೇಳಿ ತಾಯಿ ಕಿವಿ ಮುಚ್ಚಿಕೊಂಡರು. ಆ ಮನೆಯಲ್ಲಿ ಆ ಹುಳುವನ್ನು ಅಂದಿನಿಂದ ಇಂಗ್ಲಿಷಿನಲ್ಲಿ ಮಾತ್ರ ಹೆಸರಿಸುತ್ತಿದ್ದರು.

ಇಷ್ಟನ್ನು ಓದಿ ಯಾರ ಮಕ್ಕಳಾದರೂ ಹೊಲದ ಉಡವನ್ನು ಮನೆಗೆ ತಂದಾರು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಶಿಷ್ಟದಲ್ಲಿ ಉಡವಿದೆ. ಹಿಡಿಯುವುದೂ ಸಾಕುವುದೂ ಅಪರಾಧ. ಗಾಯಗೊಂಡದ್ದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಪೂಜಾ ಸಾಮಗ್ರಿಯ ಅಂಗಡಿಗಳಲ್ಲಿ 'ಹತ್ಥಾ ಜೋಡಿ' ಎಂಬ ಬೇರು ಕೊಟ್ಟರೆ ಕೊಳ್ಳಬೇಡಿ. ಬೇರಿನ ಹೆಸರಿನಲ್ಲಿ ಮಾರುತ್ತಿದ್ದದ್ದು ಗಂಡು ಉಡದ ಜನನೇಂದ್ರಿಯ ಎಂದು ಪರೀಕ್ಷೆಗಳಲ್ಲಿ ತಿಳಿದುಬಂದಿದೆ.

ಐದನೆಯ ವಾರ ತೂಕಕ್ಕೆಂದು ಎತ್ತಿದಾಗ ಅದು ಟವೆಲನ್ನು ಹಿಡಿದುಕೊಂಡಿತು. ಹುಡುಗ ಎಳೆದ, ಅವನ ತಂದೆ ಎಳೆದರು, ಬಿಡಲಿಲ್ಲ. ಕೊನೆಗೆ ಟವೆಲಿನೊಂದಿಗೇ ತೂಗಿ, ಟವೆಲಿನ ತೂಕ ಕಳೆದೆವು: 236 ಗ್ರಾಂ. ತಾಯಿ ಬಾಗಿಲಲ್ಲಿ ನಿಂತು ನಗುತ್ತಿದ್ದರು.

ನಾವು ಹೊರಡುವ ಮುಂಜಾನೆ ಅದನ್ನು ನೋಡಲು ಹೋದೆವು. ತೊಟ್ಟಿಯಲ್ಲಿ ಎಲ್ಲಿಯೂ ಕಾಣಲಿಲ್ಲ. ರಾತ್ರಿಯೇ ಮಣ್ಣೊಳಗೆ ಇಳಿದಿತ್ತು. ತೋಡಿ ತೆಗೆಯಲೇ ಎಂದು ಹುಡುಗ ಕೇಳಿದ. ಬೇಡವೆಂದೆವು. ಬಿಲದ ಬಾಯಲ್ಲಿ ಹೊಸ ಮಣ್ಣು ಗುಡ್ಡೆಯಾಗಿ ಬಿದ್ದಿತ್ತು.